ಕಸದ ಬುಟ್ಟಿ ತಪ್ಪಿಸಿಕೊಂಡ ಕಾರ್ಡುಗಳು

ಯಾರೂ ಬಗ್ಗಿ ನೋಡದೇ ಹೋಗಿದ್ದರೆ ಆ ಚೀಲ ಕಸಕ್ಕೆ ಹೋಗಿಯೇ ಬಿಡುತ್ತಿತ್ತು!

2016ನೇ ಇಸವಿ. ಅಮೆರಿಕದ ದಕ್ಷಿಣ ಭಾಗದ ಒಂದು ಸಣ್ಣ ಊರು. ತೀರಿಹೋದ ಮುತ್ತಜ್ಜ ಮುತ್ತಜ್ಜಿಯ ಮನೆಯನ್ನು ಮನೆಮಂದಿ ಖಾಲಿ ಮಾಡುತ್ತಿದ್ದಾರೆ. ಎಸೆಯಬೇಕಾದ ಸಾಮಾನಿನ ನಡುವೆ ಮುದುಡಿ ಹರಿದ ಒಂದು ಕಾಗದದ ಚೀಲ. ಯಾರೋ ಅದರೊಳಗೆ ಇಣುಕಿದರು. ಹಳೆಯ ಕಾಗದಗಳ ನಡುವೆ ಬೆರಳುದ್ದದ ಏಳು ರಟ್ಟಿನ ಚೂರುಗಳು. ಏಳರಲ್ಲೂ ಒಂದೇ ಮುಖ, ಒಂದೇ ಕೆಂಪು ಹಿನ್ನೆಲೆ: ಬೇಸ್‌ಬಾಲ್ ದಂತಕತೆ ಟೈ ಕಾಬ್. ಹಿಂಬದಿಯಲ್ಲಿ ಅವನದೇ ಹೆಸರಿನ ತಂಬಾಕಿನ ಜಾಹೀರಾತು. ಅಂಥ ಕಾರ್ಡುಗಳು ಅಲ್ಲಿಯವರೆಗೆ ಜಗತ್ತಿಗೆ ಗೊತ್ತಿದ್ದದ್ದು ಹದಿನೈದರಷ್ಟು ಮಾತ್ರ. ಇಲ್ಲಿ ಒಂದೇ ಚೀಲದಲ್ಲಿ ಏಳು! ತಜ್ಞರು ಕಟ್ಟಿದ ಬೆಲೆ ಹತ್ತು ಲಕ್ಷ ಡಾಲರನ್ನೂ ಮೀರಿ ಹೋಯಿತು.

ಇದೊಂದೇ ಅಲ್ಲ. 2012ರಲ್ಲಿ ಒಹಾಯೋ ರಾಜ್ಯದ ಡಿಫೈಯನ್ಸ್ ಎಂಬ ಊರಲ್ಲಿ, ಒಂದು ಕಾಲಕ್ಕೆ ಮಾಂಸದಂಗಡಿ ನಡೆಸುತ್ತಿದ್ದವರ ಮನೆಯ ಅಟ್ಟದಲ್ಲಿ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಒಳಗೆ ದಾರ ಸುತ್ತಿಟ್ಟ ಸುಮಾರು ಏಳುನೂರು ಕಾರ್ಡು. 1910ರ ಸುಮಾರಿಗೆ ಅಚ್ಚಾದವು. ನೂರು ವರ್ಷ ಯಾರ ಬೆರಳೂ ತಾಗದೆ, ನಿನ್ನೆ ಮುದ್ರಣಾಲಯದಿಂದ ಬಂದಂತೆ ಮೂಲೆಗಳು ಚೂಪಾಗಿಯೇ ಇದ್ದವು! ಅವುಗಳಲ್ಲಿ ಮೊದಲ ಕಂತು ಹರಾಜಾದಾಗ ಬಂದ ಹಣ ಐದು ಲಕ್ಷ ಡಾಲರಿಗೂ ಹೆಚ್ಚು.

ಎಂಥ ಲೋಕವಿದು! ಚಿನ್ನವಲ್ಲ, ವಜ್ರವಲ್ಲ, ತಂಬಾಕು, ಮಿಠಾಯಿ ಪೊಟ್ಟಣಗಳಲ್ಲಿ ಪುಕ್ಕಟೆಯಾಗಿ ಬರುತ್ತಿದ್ದ ರಟ್ಟು. ಎರಡನೇ ಮಹಾಯುದ್ಧಕ್ಕೆ ಮೊದಲಿನ ಈ ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಾಹಕರು ‘ಪ್ರೀವಾರ್’ ಎಂದು ಕರೆಯುತ್ತಾರೆ. ಇದೆಲ್ಲ ಕೋಟ್ಯಧಿಪತಿಗಳ ಆಟ ಎಂದುಕೊಂಡು ದೂರ ಉಳಿಯುವವರೇ ಹೆಚ್ಚು. ಆದರೆ ನಿಜವಾದ ಅಚ್ಚರಿ ಬೇರೆಯೇ ಇದೆ: ಶತಮಾನ ದಾಟಿದ, ಅಸಲಿ, ಕೈಯಲ್ಲಿ ಹಿಡಿಯಬಹುದಾದ ಈ ಇತಿಹಾಸದ ತುಣುಕನ್ನು ಸಂಬಳದಾರನೂ ಕೊಳ್ಳಬಹುದು!

ದಾರಕ್ಕೆ ನೇತುಹಾಕಿದ ಚೆಂಡು

ಕಥೆ ಶುರುವಾಗುವುದು ಆಟದ ಮೈದಾನದಲ್ಲಲ್ಲ, ಯಂತ್ರವೊಂದರಲ್ಲಿ. 1880ರ ದಶಕದವರೆಗೆ ಸಿಗರೇಟುಗಳನ್ನು ಕೈಯಲ್ಲೇ ಸುತ್ತುತ್ತಿದ್ದರು. ನುರಿತ ಕೆಲಸಗಾರರಿಗೂ ನಿಮಿಷಕ್ಕೆ ನಾಲ್ಕರ ಮೇಲೆ ಸುತ್ತುವುದು ಕಷ್ಟ. ಆಗ ವರ್ಜೀನಿಯಾದ ತರುಣ ಜೇಮ್ಸ್ ಬಾನ್‌ಸ್ಯಾಕ್ ಒಂದು ಯಂತ್ರ ಕಟ್ಟಿದ. ಹತ್ತು ತಾಸಿಗೆ 1,20,000 ಸಿಗರೇಟು! ಮಾಲು ರಾಶಿ ಬಿತ್ತು, ಕೊಳ್ಳುವವರು ಬೇಕಾದರು, ಕಂಪನಿಗಳ ನಡುವೆ ಜಿದ್ದು ಹುಟ್ಟಿತು. ಮೆತ್ತನೆಯ ಪ್ಯಾಕು ಬಾಗದಂತೆ ಒಳಗಿಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಅಚ್ಚುಹಾಕಿದರೆ ಹೇಗೆ? ಒಂದು ಚಿತ್ರ ಸಿಕ್ಕವನು ಇನ್ನೊಂದಕ್ಕಾಗಿ ಮತ್ತೊಂದು ಪ್ಯಾಕು ಕೊಳ್ಳುತ್ತಾನಲ್ಲ!

1887ರಲ್ಲಿ ರಿಚ್ಮಂಡ್ ನಗರದ ಆ್ಯಲನ್ ಆ್ಯಂಡ್ ಗಿಂಟರ್ ಕಂಪನಿ ಐವತ್ತು ‘ಚಾಂಪಿಯನ್ನರ’ ಬಣ್ಣದ ಸರಣಿ ತಂದಿತು. ಅದರಲ್ಲಿ ಹತ್ತು ಮಂದಿ ಬೇಸ್‌ಬಾಲ್ ಆಟಗಾರರು. ಉಳಿದವರಲ್ಲಿ ಕುಸ್ತಿಪಟುಗಳು, ಮುಷ್ಟಿಕಾಳಗದವರು, ದೋಣಿ ಹುಟ್ಟು ಹಾಕುವವರು, ಬಂದೂಕಿನ ಗುರಿಕಾರ್ತಿ ಆ್ಯನಿ ಓಕ್ಲಿ ಕೂಡ!

ಅದೇ ಹೊತ್ತಿಗೆ ನ್ಯೂಯಾರ್ಕಿನ ಗುಡ್‌ವಿನ್ ಕಂಪನಿ ‘ಓಲ್ಡ್ ಜಡ್ಜ್’ ಸಿಗರೇಟಿನ ಜತೆ ಅಸಲಿ ಫೋಟೋಗಳನ್ನೇ ರಟ್ಟಿಗೆ ಅಂಟಿಸಿ ಕೊಡತೊಡಗಿತು. ಐನೂರಕ್ಕೂ ಹೆಚ್ಚು ಆಟಗಾರರು, ಸಾವಿರಾರು ಭಂಗಿಗಳು. ಆಗಿನ ಕ್ಯಾಮೆರಾಕ್ಕೆ ಓಡುವ ಚೆಂಡು ಸಿಗುತ್ತಿರಲಿಲ್ಲ. ಹಾಗಾಗಿ ಸ್ಟುಡಿಯೋದ ಚಾವಣಿಯಿಂದ ದಾರ ಇಳಿಬಿಟ್ಟು ಚೆಂಡು ಕಟ್ಟಿದರು. ಆಟಗಾರ ಹಾರಿ ಹಿಡಿಯುವವನಂತೆ ಕೈಯೆತ್ತಿ ಅಲ್ಲಾಡದೆ ನಿಂತ! ಕಂದು ಬಣ್ಣದ ಆ ಚಿತ್ರಗಳನ್ನು ಇಂದು ಭೂತಗನ್ನಡಿಯಲ್ಲಿ ನೋಡಿದರೆ ಕೆಲವುಗಳಲ್ಲಿ ಆ ದಾರವೂ ಕಾಣುತ್ತದೆ. ಹಿಂದೆ ಬಣ್ಣ ಬಳಿದ ಪರದೆ, ಕಾಲ ಕೆಳಗೆ ಹುಲ್ಲಿನಂತೆ ಹಾಸಿದ ನೆಲ. ಇಡೀ ಮೈದಾನವೇ ಒಂದು ನಾಟಕದ ಸೀನು!

1890ರಲ್ಲಿ ಜೇಮ್ಸ್ ಡ್ಯೂಕ್ ಎಂಬ ಚತುರ, ಎದುರಾಳಿ ಕಂಪನಿಗಳನ್ನು ಸೇರಿಸಿ ಅಮೆರಿಕನ್ ಟೊಬ್ಯಾಕೊ ಕಂಪನಿ ಕಟ್ಟಿದ. ಪೈಪೋಟಿಯೇ ಇಲ್ಲದ ಮೇಲೆ ಪುಕ್ಕಟೆ ಚಿತ್ರ ಯಾರಿಗೆ ಬೇಕು? ಕೆಲವೇ ವರ್ಷಗಳಲ್ಲಿ ಕಾರ್ಡುಗಳು ಬತ್ತಿಹೋದವು. ಇದೇ ಡ್ಯೂಕನ ಕಂಪನಿ 1902ರಲ್ಲಿ ಇಂಗ್ಲೆಂಡಿನ ಇಂಪೀರಿಯಲ್ ಟೊಬ್ಯಾಕೊ ಜತೆ ಸೇರಿ ಬ್ರಿಟಿಷ್ ಅಮೆರಿಕನ್ ಟೊಬ್ಯಾಕೊ ಹುಟ್ಟುಹಾಕಿತು. ಆ ಬಳ್ಳಿಯ ಒಂದು ಕುಡಿಯಾಗಿ 1910ರಲ್ಲಿ ಕಲ್ಕತ್ತದಲ್ಲಿ ಚಿಗುರಿದ ಕಂಪನಿಯೇ ನಮ್ಮ ಇಂದಿನ ಐಟಿಸಿ. ಹಿಟ್ಟು, ಬಿಸ್ಕತ್ತಿನ ಪೊಟ್ಟಣಗಳ ಮೇಲೆ ನಾವು ದಿನಾ ನೋಡುವ ಹೆಸರಿನ ವಂಶವೃಕ್ಷದಲ್ಲಿ ಬೇಸ್‌ಬಾಲ್ ಕಾರ್ಡಿನ ದೊರೆಯೂ ಇದ್ದಾನೆ!

ದೈತ್ಯನ ಬೆನ್ನು ನೋಡಿ

1909ರಲ್ಲಿ ಕಾರ್ಡುಗಳು ಮರಳಿ ಬಂದವು. ಈ ಸಲ ಪ್ರವಾಹವೇ! 1909ರಿಂದ 1911ರವರೆಗೆ ಹದಿನಾರು ತಂಬಾಕು ಬ್ರಾಂಡುಗಳಲ್ಲಿ ಬಂದ ಈ ಸರಣಿಯ ಹೆಸರು ಟಿ206. ಸಾಮಾನ್ಯ ಎಣಿಕೆಯಲ್ಲಿ 524 ಕಾರ್ಡು. ಸಂಗ್ರಾಹಕರ ಬಾಯಲ್ಲಿ ಇದು ‘ಮಾನ್‌ಸ್ಟರ್’, ದೈತ್ಯ. ಅಗಲ ಮೂರೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು, ಉದ್ದ ಏಳಕ್ಕಿಂತ ತುಸು ಕಡಿಮೆ. ಬಿಳಿ ಅಂಚು, ಸಂಜೆಯಾಕಾಶದ ಕಿತ್ತಳೆ, ಹಸಿರು, ನೀಲಿ. ಕೆಳಗೆ ಕಂದು ಮಸಿಯಲ್ಲಿ ಆಟಗಾರನ ಹೆಸರು, ಊರು. ಬೇಸ್‌ಬಾಲಿನ ಹಾಲ್ ಆಫ್ ಫೇಮಿಗೆ 1936ರಲ್ಲಿ ಮೊದಲ ಸಲ ಆಯ್ಕೆಯಾದವರು ಐದು ಮಂದಿ. ಅವರಲ್ಲಿ ಬೇಬ್ ರೂತ್ ಒಬ್ಬನನ್ನು ಬಿಟ್ಟು ನಾಲ್ವರೂ ಈ ಸರಣಿಯಲ್ಲಿದ್ದಾರೆ: ಕಾಬ್, ವ್ಯಾಗ್ನರ್, ಮ್ಯಾಥ್ಯೂಸನ್, ವಾಲ್ಟರ್ ಜಾನ್ಸನ್!

ಮುಖ ನೋಡಿ ಮರುಳಾದವರು ಕಾರ್ಡನ್ನು ತಿರುಗಿಸಿದ ಕೂಡಲೇ ಇನ್ನೊಂದು ಲೋಕ ತೆರೆಯುತ್ತದೆ. ಹಿಂಬದಿಯಲ್ಲಿ ಬ್ರಾಂಡಿನ ಜಾಹೀರಾತು. ಪೀಡ್‌ಮಾಂಟ್ ಅತಿ ಸಾಮಾನ್ಯ, ನಂತರದ ಸ್ಥಾನ ಸ್ವೀಟ್ ಕ್ಯಾಪೊರಲ್‌ಗೆ. ಆಮೇಲೆ ಸಾವರಿನ್, ಓಲ್ಡ್ ಮಿಲ್, ಟಾಲ್‌ಸ್ಟಾಯ್ (ಹೌದು, ಕಾದಂಬರಿಕಾರರ ಹೆಸರೇ!), ಡ್ರಮ್, ಉಜಿಟ್, ಲೆನಾಕ್ಸ್... ಮತ್ತು ‘ಹಿಂದೂ’! ನೂರಹದಿನೈದು ವರ್ಷದ ಹಿಂದೆ ಅಮೆರಿಕನ್ನರು ಸೇದುತ್ತಿದ್ದ ಸಿಗರೇಟೊಂದಕ್ಕೆ ನಮ್ಮ ಹೆಸರು. ಪೂರ್ವ ದೇಶಗಳ ಸೆಳೆತ ಅಂದಿನ ಅಲ್ಲಿನ ತಂಬಾಕು ಪೇಟೆಯನ್ನು ಆಳುತ್ತಿತ್ತು. ಮೆಕ್ಕಾ, ಹಸನ್, ಟರ್ಕಿ ರೆಡ್ ಎಂಬ ಬ್ರಾಂಡುಗಳೂ ಇದ್ದವು. ‘ಹಿಂದೂ’ ಬೆನ್ನು ಸಾಮಾನ್ಯವಾಗಿ ಕಂದು ಮಸಿಯಲ್ಲಿದೆ. ಕೆಂಪು ಮಸಿಯದ್ದು ಸಿಕ್ಕರೆ ಅದೃಷ್ಟ!

ಒಬ್ಬನೇ ಆಟಗಾರ, ಒಂದೇ ಚಿತ್ರ. ಬೆನ್ನು ಪೀಡ್‌ಮಾಂಟ್ ಆದರೆ ಒಂದು ಬೆಲೆ, ಡ್ರಮ್ ಆದರೆ ಅದರ ಎಷ್ಟೋ ಪಟ್ಟು. ಮುಖಕ್ಕಲ್ಲ, ಬೆನ್ನಿಗಾಗಿಯೇ ಬದುಕಿಡೀ ಹುಡುಕುವವರಿದ್ದಾರೆ. ಪೋಲಾರ್ ಬೇರ್ ಎಂಬ ಬ್ರಾಂಡಿನ ಕಾರ್ಡುಗಳಲ್ಲಿ ಕಂದು ಕಲೆ ಹೆಚ್ಚು. ಏಕೆ? ಅದು ಸಿಗರೇಟಲ್ಲ, ಚೂರು ತಂಬಾಕಿನ ಪೊಟ್ಟಣ. ಕಾರ್ಡು ತಂಬಾಕಿನ ಮೈಗೇ ಅಂಟಿಕೊಂಡು ಬರುತ್ತಿತ್ತು. ಕಲೆಯೇ ಸಾಕ್ಷಿ ಹೇಳುವ ಮಾಯೆ ಇದು!

ಐವತ್ತು ಡಾಲರಿನಿಂದ ಎಪ್ಪತ್ತೆರಡು ಲಕ್ಷಕ್ಕೆ

ಹೋನಸ್ ವ್ಯಾಗ್ನರ್ ಎಂಬ ಹೆಸರಿಲ್ಲದೆ ಈ ಕಥೆ ಮುಂದೆ ಸಾಗುವುದಿಲ್ಲ. ಪಿಟ್ಸ್‌ಬರ್ಗ್ ತಂಡದ ಈ ಅಪ್ರತಿಮ ಆಟಗಾರನ ಟಿ206 ಕಾರ್ಡಿನ ಅಚ್ಚನ್ನು ಬಹುಬೇಗ ನಿಲ್ಲಿಸಿಬಿಟ್ಟರು. ಮಕ್ಕಳು ತನ್ನ ಚಿತ್ರಕ್ಕಾಗಿ ತಂಬಾಕು ಕೊಳ್ಳಬಾರದು ಎಂದು ಅವನೇ ತಡೆದ ಎನ್ನುವವರಿದ್ದಾರೆ. ಹಣದ ಮಾತು ಕುದುರಲಿಲ್ಲ ಎನ್ನುವವರೂ ಇದ್ದಾರೆ. ಉಳಿದಿರುವುದು ಐವತ್ತು ಅರವತ್ತು ಪ್ರತಿ. 1930ರ ದಶಕದಲ್ಲೇ ಅದಕ್ಕೆ ಐವತ್ತು ಡಾಲರ್ ಬೆಲೆ ಕಟ್ಟಿದ್ದರು. ಉಳಿದ ಕಾರ್ಡುಗಳು ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಕಾಲವದು. 2022ರಲ್ಲಿ ಒಂದು ಪ್ರತಿ ಮಾರಾಟವಾಗಿದ್ದು 72.5 ಲಕ್ಷ ಡಾಲರಿಗೆ. ಐವತ್ತು ಕೋಟಿ ರೂಪಾಯಿಗೂ ಮೀರಿದ ಮೊತ್ತ!

ಆದರೆ ಹೊಸಬರು ಕಲಿಯಬೇಕಾದ ಪಾಠ ಇನ್ನೊಂದು ವ್ಯಾಗ್ನರ್ ಕಾರ್ಡಿನಲ್ಲಿದೆ. 1991ರಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಜ್‌ಕಿ ಜತೆಗಾರನೊಬ್ಬನೊಡನೆ ಸೇರಿ ಸಾದಬೀಸ್ ಹರಾಜಿನಲ್ಲಿ 4,51,000 ಡಾಲರಿಗೆ ಕೊಂಡ ಕಾರ್ಡು ಅದು. ಎಲ್ಲ ವ್ಯಾಗ್ನರ್‌ಗಳಲ್ಲಿ ಅತಿ ಸುಂದರ. ಕಾರ್ಡುಗಳ ಗುಣಮಟ್ಟಕ್ಕೆ ಒಂದರಿಂದ ಹತ್ತರವರೆಗೆ ಅಂಕ ಕೊಡುವ ಪಿಎಸ್‌ಎ ಎಂಬ ಸಂಸ್ಥೆ ಆಗಷ್ಟೇ ಹುಟ್ಟಿತ್ತು. ಅದು ಕೊಟ್ಟ ಮೊಟ್ಟಮೊದಲ ಕ್ರಮಸಂಖ್ಯೆಯೇ ಈ ಕಾರ್ಡಿಗೆ, ಅಂಕ ಎಂಟು! 2007ರಲ್ಲಿ ಅದು 28 ಲಕ್ಷ ಡಾಲರಿಗೆ ಕೈಬದಲಾಯಿತು. 2013ರಲ್ಲಿ ಸಿಡಿಲು ಬಡಿಯಿತು. ಅದನ್ನು ಹಿಂದೊಮ್ಮೆ ಮಾರಿದ್ದ ಪ್ರಸಿದ್ಧ ಹರಾಜುಗಾರ ಬಿಲ್ ಮ್ಯಾಸ್ಟ್ರೊ, ಕಾರ್ಡಿನ ಅಂಚನ್ನು ತಾನೇ ಕತ್ತರಿಸಿದ್ದೆ ಎಂದು ವಂಚನೆ ಪ್ರಕರಣವೊಂದರಲ್ಲಿ ನ್ಯಾಯಾಲಯದ ಮುಂದೆ ಒಪ್ಪಿಕೊಂಡ! ನೂರು ವರ್ಷದ ರಟ್ಟಿನ ಮೂಲೆ ಮೊಂಡಾಗುವುದು ಸಹಜ. ಹಳೆಯ ಕಾರ್ಡು ಹೊಳೆಯುತ್ತಿದ್ದರೆ ಮೊದಲು ಅನುಮಾನ, ಆಮೇಲೆ ಆನಂದ.

ಒಬ್ಬಂಟಿಗನ ಮಹಾಕೋಶ

ಟಿ206 ಎಂಬ ಸಂಕೇತ ಎಲ್ಲಿಂದ ಬಂತು? ಅದರ ಹಿಂದೆ ಸಿರಕ್ಯೂಸ್ ನಗರದ ಜೆಫರ್ಸನ್ ಬರ್ಡಿಕ್ ಇದ್ದಾರೆ. ಕಾರ್ಖಾನೆಯಲ್ಲಿ ವಿದ್ಯುತ್ ಬಿಡಿಭಾಗ ಜೋಡಿಸುವ ಕೆಲಸ, ಮದುವೆಯಿಲ್ಲ, ಕೀಲು ಕೀಲು ಹಿಡಿದ ಸಂಧಿವಾತ. ಇಂಥವರು ಅಮೆರಿಕದಲ್ಲಿ ಅಚ್ಚಾದ ಕಾರ್ಡುಗಳಿಗೆಲ್ಲ ಒಂದು ಸೂಚಿ ಮಾಡಲು ಹೊರಟರು! ಹತ್ತೊಂಬತ್ತನೇ ಶತಮಾನದ ತಂಬಾಕಿಗೆ ಎನ್, ಇಪ್ಪತ್ತನೆಯದಕ್ಕೆ ಟಿ, ಹಳೆಯ ಮಿಠಾಯಿಗೆ ಇ, ನಂತರದ ಗಮ್ಮಿಗೆ ಆರ್, ಬ್ರೆಡ್ಡಿನ ಕಂಪನಿಗಳಿಗೆ ಡಿ, ಉದ್ದ ಪಟ್ಟಿಯಿಂದ ಕತ್ತರಿಸಿಕೊಳ್ಳುವವಕ್ಕೆ ಡಬ್ಲ್ಯೂ. ಈ ಅಕ್ಷರಗಳು ಬಾಯಿಗೆ ಬಂದರೆ ಈ ಲೋಕದ ಅರ್ಧ ನಕಾಶೆ ನಿಮ್ಮ ಕೈಯಲ್ಲಿದ್ದಂತೆ.

ಮೂರು ಲಕ್ಷಕ್ಕೂ ಮೀರಿದ ತಮ್ಮ ಸಂಗ್ರಹವನ್ನು ಬರ್ಡಿಕ್ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟುಬಿಟ್ಟರು. ಕೊಟ್ಟು ಸುಮ್ಮನಾಗಲಿಲ್ಲ. ಸೊಟ್ಟಗಾದ ಬೆರಳುಗಳಲ್ಲೇ ವರ್ಷಗಟ್ಟಲೆ ಅಲ್ಲಿ ಕೂತು ಒಂದೊಂದನ್ನೂ ಆಲ್ಬಮ್ಮಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿನಲ್ಲಿ ಅವರು ತೀರಿಕೊಂಡರು. ರೆಂಬ್ರಾಂಟ್ ಚಿತ್ರಗಳಿರುವ ಅದೇ ಕಟ್ಟಡದಲ್ಲಿ ಇಂದು ಸಿಗರೇಟು ಕಾರ್ಡುಗಳೂ ಗೌರವದಿಂದ ಕೂತಿವೆ!

ಮಿಠಾಯಿ, ಗಮ್ಮು ಮತ್ತು ಕಾಣೆಯಾದ 106

ತಂಬಾಕಿನ ಹಿಂದೆಯೇ ಮಿಠಾಯಿ ಬಂತು. ಬೆಲ್ಲದ ಪಾಕದಂಥ ಕ್ಯಾರಮೆಲ್ ಸವರಿದ ಜೋಳದರಳಿನ ಕ್ರ್ಯಾಕರ್ ಜ್ಯಾಕ್ ಪೊಟ್ಟಣದಲ್ಲಿ 1914ರಲ್ಲಿ 144 ಕಾರ್ಡು, 1915ರಲ್ಲಿ 176. ಕಡುಕೆಂಪು ಹಿನ್ನೆಲೆ, ತೆಳು ಕಾಗದ. 1914ರವು ಪೊಟ್ಟಣದಲ್ಲೇ ಬರುತ್ತಿದ್ದರಿಂದ ಪಾಕದ ಕಲೆ ತಪ್ಪಿದ್ದಲ್ಲ. ಮರುವರ್ಷ ಕೂಪನ್ ಕಳಿಸಿ ಅಂಚೆಯಲ್ಲಿ ಇಡೀ ಸರಣಿ ತರಿಸಿಕೊಳ್ಳಬಹುದಿತ್ತು. ಅದಕ್ಕೇ ಅವು ಶುಭ್ರ. ಎರಡನ್ನೂ ಗುರುತಿಸುವ ಗುಟ್ಟು ಗೊತ್ತೇ? ಕಾರ್ಡು ತಿರುಗಿಸಿ. ಬೆನ್ನಿನ ಬರಹ ತಲೆಕೆಳಗಾಗಿದ್ದರೆ ಅದು 1915!

1933. ಮಹಾ ಆರ್ಥಿಕ ಕುಸಿತದ ದಿನಗಳು. ಬಾಸ್ಟನ್ನಿನ ಗೌಡಿ ಗಮ್ ಕಂಪನಿ ಒಂದು ಸೆಂಟಿಗೆ ಒಂದು ಗಮ್ಮು, ಒಂದು ಕಾರ್ಡು ಕೊಟ್ಟಿತು. 240 ಕಾರ್ಡಿನ ಸರಣಿಯಲ್ಲಿ ಬೇಬ್ ರೂತ್ ಒಬ್ಬನಿಗೇ ನಾಲ್ಕು! ನಮ್ಮಲ್ಲಿ ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟಿಗರ ಚೀಟಿಗಾಗಿ ಹಲ್ಲು ಹಾಳುಮಾಡಿಕೊಂಡ ತಲೆಮಾರಿಗೆ ಆ ಹುಡುಗರ ಹಸಿವು ಅರ್ಥವಾದೀತು. ಆದರೆ ಅವರಿಗೆ 106ನೇ ಕಾರ್ಡು ಎಷ್ಟು ಗಮ್ಮು ಜಗಿದರೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಕಂಪನಿ ಅದನ್ನು ಅಚ್ಚೇ ಹಾಕಿರಲಿಲ್ಲ! ಹುಡುಗರು ಕಾಗದ ಬರೆದು ತರಾಟೆಗೆ ತೆಗೆದುಕೊಂಡರು. ಮರುವರ್ಷ ಕಂಪನಿ ನ್ಯಾಪ್ ಲಾಜೊವೇ ಎಂಬ ಹಳೆಯ ಆಟಗಾರನ ಚಿತ್ರ ಹಾಕಿ 106 ಅಚ್ಚುಮಾಡಿತು. ದೂರು ಬರೆದವರಿಗೆ ಅಂಚೆಯಲ್ಲಿ ಕಳಿಸಿತು. ಇಂದು ಸಿಗುವ ಲಾಜೊವೇ ಕಾರ್ಡುಗಳಲ್ಲಿ ಹಲವಕ್ಕೆ ಪೇಪರ್ ಕ್ಲಿಪ್ಪಿನ ಗುರುತಿದೆ, ಕಂಪನಿಯ ಪತ್ರಕ್ಕೆ ಸಿಕ್ಕಿಸಿ ಕಳಿಸಿದ ಗುರುತು. ಹುಡುಗರ ಜಗಳ ರಟ್ಟಿನ ಮೇಲೆ ಹಾಗೇ ಉಳಿದಿದೆ!

ಈ ಬೆರಗಿನ ನಡುವೆ ಕಣ್ಣಿಗೆ ಬೀಳಲೇಬೇಕಾದ ಒಂದು ಖಾಲಿ ಜಾಗವಿದೆ. ಈ ದೊಡ್ಡ ಸರಣಿಗಳಲ್ಲಿ ಕಪ್ಪು ಆಟಗಾರರಿಲ್ಲ. 1947ರಲ್ಲಿ ಜ್ಯಾಕಿ ರಾಬಿನ್ಸನ್ ಬರುವವರೆಗೆ ಮೇಜರ್ ಲೀಗ್ ಅವರಿಗೆ ಬಾಗಿಲು ಮುಚ್ಚಿತ್ತು, ಕಾರ್ಡುಗಳೂ ಹಾಗೆಯೇ ಮುಚ್ಚಿದವು. ಆಸ್ಕರ್ ಚಾರ್ಲ್‌ಸ್ಟನ್‌ನಂಥ ಮಹಾನ್ ಆಟಗಾರನ ಮುಖ ನೋಡಬೇಕಾದರೆ 1920ರ ದಶಕದ ಕ್ಯೂಬಾದ ಕಾರ್ಡುಗಳನ್ನು ಹುಡುಕಬೇಕು. ಚಳಿಗಾಲದಲ್ಲಿ ಕಪ್ಪು ಆಟಗಾರರು ಅಲ್ಲಿ ಆಡುತ್ತಿದ್ದರು. ಅವು ಸಿಗುವುದು ಬಲು ಅಪರೂಪ.

ಹಾಗಾದರೆ ಶುರು ಎಲ್ಲಿಂದ?

ಮೊದಲು ನೋಡಿ, ಕೊಳ್ಳಬೇಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಬೆಂಜಮಿನ್ ಎಡ್ವರ್ಡ್ಸ್ ಸಂಗ್ರಹದ 2,100 ಕಾರ್ಡುಗಳಿವೆ, 1887ರಿಂದ 1914ರವರೆಗಿನವು. ಅದನ್ನು 1954ರಲ್ಲಿ ಲೈಬ್ರರಿಗೆ ಕೊಟ್ಟವರು ಕವಿ ಕಾರ್ಲ್ ಸ್ಯಾಂಡ್‌ಬರ್ಗ್! ಮುಂಬದಿ, ಹಿಂಬದಿ ಎರಡೂ ಅಂತರ್ಜಾಲದಲ್ಲಿ ಪುಕ್ಕಟೆ. ಧಾರವಾಡದಲ್ಲಿ ಕೂತರೂ ನ್ಯೂಜೆರ್ಸಿಯಲ್ಲಿ ಕೂತರೂ ಕಣ್ಣು ಪಳಗಿಸಲು ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಭಾಗ್ಯವುಂಟು: ಪ್ರತಿ ಬೇಸಿಗೆಯಲ್ಲಿ ನಡೆಯುವ ‘ನ್ಯಾಷನಲ್’ ಎಂಬ ಸಂಗ್ರಾಹಕರ ಮಹಾಜಾತ್ರೆ. ಅಲ್ಲಿ ಮೇಜುಗಳ ಮೇಲೆ ವ್ಯಾಗ್ನರನ ಕಾಲವೇ ಹರಡಿಕೊಂಡಿರುತ್ತದೆ.

ಇನ್ನು ಭೂತಗನ್ನಡಿ ಹಿಡಿಯಿರಿ. ಅಸಲಿ ಟಿ206ರಲ್ಲಿ ಬಣ್ಣಗಳನ್ನು ಕಲ್ಲಚ್ಚಿನ ಪದ್ಧತಿಯಲ್ಲಿ ಒಂದರ ಮೇಲೊಂದು ಕೂರಿಸಿದ್ದಾರೆ. ಕೆಳಗಿನ ಹೆಸರಿನ ಅಕ್ಷರಗಳು ಗಟ್ಟಿ ಕಂದು ಮಸಿ. ಈಚಿನ ನಕಲಿನಲ್ಲಿ ಅಕ್ಷರಗಳೂ ಸಾಲುಗಟ್ಟಿದ ಚುಕ್ಕಿಗಳಾಗಿ ಒಡೆಯುತ್ತವೆ. ನೇರಳಾತೀತ ದೀಪವನ್ನೂ ಹಾಯಿಸಿ. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಬಳಕೆಗೆ ಬಂದದ್ದು ಯುದ್ಧದ ನಂತರ. ಕಾರ್ಡು ನೀಲಿ ಬಿಳಿಯಾಗಿ ಬೆಳಗಿದರೆ ಅದರ ವಯಸ್ಸು ಸುಳ್ಳು!

ಕೊಳ್ಳುವಾಗ ಪಿಎಸ್‌ಎ, ಎಸ್‌ಜಿಸಿಯಂಥ ಸಂಸ್ಥೆಗಳು ಪರೀಕ್ಷಿಸಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಕೊಟ್ಟ ಕಾರ್ಡನ್ನೇ ಆರಿಸಿ. ಸಂಗ್ರಾಹಕರು ಅದಕ್ಕೆ ಸ್ಲ್ಯಾಬ್ ಎನ್ನುತ್ತಾರೆ. ಅಂಕ ಒಂದೋ ಎರಡೋ ಇದ್ದರೆ ನಾಚಬೇಡಿ. ಹೆಸರುವಾಸಿಯಲ್ಲದ ಆಟಗಾರನ, ಮೂಲೆ ಸವೆದ, ಮಧ್ಯೆ ಮಡಚಿದ ಟಿ206 ನೂರು ಡಾಲರಿನ ಒಳಗೆ ಸಿಗುತ್ತದೆ. ಒಂದೇ ತಂಡದ ಹಿಂದೆ ಹೋಗಬಹುದು. ಪ್ರತಿ ಸರಣಿಯಿಂದ ಒಂದೊಂದನ್ನು ಸೇರಿಸಬಹುದು. ಹದಿನಾರು ಬೆನ್ನುಗಳ ಬೆನ್ನು ಹತ್ತಬಹುದು. ಎಲ್ಲವೂ ಬೇಕೆಂದು ಹೊರಟವರ ಜೇಬು ಬರಿದಾಗುತ್ತದೆ, ಒಂದು ದಾರಿ ಹಿಡಿದವರ ಸಂಗ್ರಹ ಬೆಳೆಯುತ್ತದೆ. ಕರಾವಳಿಯವರಾದರೆ ಮಳೆಗಾಲದಲ್ಲಿ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಬಿಸಿಲು, ತೇವ, ಟೇಪು ಈ ಮೂರೂ ಹಳೇ ಕಾಗದದ ಶತ್ರುಗಳು.

ಕಾರ್ಡಿಗಷ್ಟೇ ನಿಲ್ಲಬೇಕಿಲ್ಲ! ಸ್ವೀಟ್ ಕ್ಯಾಪೊರಲ್ ಸಿಗರೇಟಿನ ಜತೆ ಬಂದ ಗುಂಡಗಿನ ಪಿನ್ನುಗಳು, 1914ರಲ್ಲಿ ತಂಬಾಕಿನ ಜತೆ ಕೊಟ್ಟ ಫ್ಲಾನಲ್ ಬಟ್ಟೆಯ ಚೌಕಗಳು (ಕೆಲವರ ಮನೆಯಲ್ಲಿ ಅವನ್ನು ಹೊಲಿದು ಕೌದಿ ಮಾಡಿಕೊಂಡಿದ್ದರು!), ಪಂದ್ಯದ ಟಿಕೆಟ್ಟಿನ ಹರಿದ ತುಂಡು, ಅಂಕ ಗೀಚಿದ ಸ್ಕೋರ್‌ಕಾರ್ಡು, ಪತ್ರಿಕಾ ಛಾಯಾಚಿತ್ರಗಳು. ತುದಿಯಲ್ಲಿ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನಲ್ಲಿ ತೊಟ್ಟ ಅಂಗಿಯಿದೆ. 2024ರಲ್ಲಿ ಅದು 2.41 ಕೋಟಿ ಡಾಲರಿಗೆ ಹೋಯಿತು. ಸಹಿಗಳ ವಿಷಯದಲ್ಲಿ ಮಾತ್ರ ಎಚ್ಚರ: ನಕಲಿ ಸಹಿಗಳ ಜಾಲ ಹಿಡಿಯಲು ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು.

ಮೊದಲ ಕಾರ್ಡನ್ನು ಆರಿಸುವಾಗ ನನ್ನದೊಂದೇ ಮಾತು. ಬೆಲೆಪಟ್ಟಿಯ ಪ್ರಕಾರ ಸುಕ್ಕು ಒಂದು ದೋಷ, ಪೆನ್ಸಿಲ್ ಗೆರೆ ದೋಷ, ಸವೆದ ಮೂಲೆ ದೋಷ. ಆದರೆ ಅಂಗಡಿ ಮುಂದೆ ನಿಂತು, ಸಿಗರೇಟು ಕೊಂಡವರನ್ನು ಕಾಡಿ ಬೇಡಿ, ಸಿಕ್ಕಿದ್ದನ್ನು ಜೇಬಿನಲ್ಲಿ ತುರುಕಿ ಓಡಿದ ಹುಡುಗರಿಂದಲೇ ಈ ಕಾರ್ಡುಗಳು ಬದುಕಿ ಉಳಿದವು. ದೊಡ್ಡವರು ಎಸೆದದ್ದನ್ನು ಅವರು ಎತ್ತಿಟ್ಟುಕೊಂಡರು. ಹೊಳೆಯುವ ಕಾರ್ಡಿಗೆ ಲಕ್ಷಾಂತರ ಡಾಲರ್ ಕೊಡುವವರು ಕೊಡಲಿ. ಆ ಹುಡುಗರು ಆಡಿ ಸವೆಸಿದ ಕಾರ್ಡು ಅಗ್ಗಕ್ಕೆ ಸಿಗುತ್ತಿದೆ, ಬೇಗ ಕೊಂಡುಬಿಡಿ!